ಪುಟ್ಟ ನಾಯಿಗಳೊಡನೆ ಬೆಂಗಳೂರಿನಲ್ಲಿ ನಾಲ್ಕು ದಿನ

ರಜೆ ಬಂದಿತೆಂದರೆ ಮನೆಮಂದಿಯೆಲ್ಲ ಕೂಡಿ ಊರು ನೋಡಲು ಹೊರಡುವುದು ಈಗ ನಮ್ಮ ಕುಟುಂಬಗಳಲ್ಲಿ ರೂಢಿಯಾಗಿದೆ. ಆದರೆ ‘ಮನೆಮಂದಿಯೆಲ್ಲ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಪೂರ್ಣ ನಿಜವಲ್ಲ. ಹಿಂದೆ ಹೈನದ ಎಮ್ಮೆಗಾಗಿ ಒಬ್ಬರು ಹಿಂದೆ ಉಳಿಯುತ್ತಿದ್ದರು. ಇಂದು ಸಾಕಿದ ನಾಯಿಗಾಗಿ ಉಳಿಯುತ್ತಾರೆ. ಹಾಗೆ ಉಳಿಯುವವರು ಬಹುಮಟ್ಟಿಗೆ ಮನೆಯ ಹಿರಿಯ ಹೆಣ್ಣುಮಗಳೇ. ನಮ್ಮ ಮನೆಯಲ್ಲಿಯೂ ಆರು ವರ್ಷ ಹೀಗೆಯೇ ನಡೆಯಿತು. “ನೀವ ಹೋಗಿ ಬರ್ರಿ, ಇವನ್ನ ಯಾರ ಕೈಯಾಗ ಬಿಟ್ಟ ಬರ್ಲಿ ನಾ?” ಎನ್ನುತ್ತ ಅವ್ವ ಪ್ರತಿ ಸಲವೂ ಬಾಗಿಲಲ್ಲಿ ನಿಂತು ನಮ್ಮನ್ನು ಬೀಳ್ಕೊಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ನಾಲ್ಕು ದಿನಗಳ ಮಟ್ಟಿಗೆ ಧಾರವಾಡದಿಂದ ಬೆಂಗಳೂರಿಗೆ ಹೊರಟಾಗ ನಾಯಿಗಳನ್ನೂ ಕರೆದುಕೊಂಡೇ ಹೋಗುವುದೆಂದು ನಿಶ್ಚಯಿಸಿದೆವು. ಎರಡೂ ಸಣ್ಣ ಜಾತಿಯವು. ಮುತ್ತು ಹನ್ನೊಂದು ವರ್ಷದ ಬಿಳಿಯ ಪೊಮೆರೇನಿಯನ್; ಒಂದು ಕಣ್ಣಿಗೆ ಪೊರೆ ಬಂದಿದೆ. ಗುಂಡ ಮೂರು ವರ್ಷದ ಪಗ್. 2003ರ ಸುಮಾರಿಗೆ ದೂರವಾಣಿ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಬೆನ್ನುಹತ್ತಿ ನಡೆದು ನಾಡಿನ ಮನೆಮನೆಗೂ ಪರಿಚಯವಾದ ಆ ಚಪ್ಪಟೆ ಮೂಗಿನ ಜಾತಿ. ನಾಯಿಗಳು ಹೊರಡುವುವೆಂದ ಮೇಲೆ ಅವ್ವನಿಗೆ ಉಳಿಯಲು ಕಾರಣವಿರಲಿಲ್ಲ. ಅವರ ಚೀಲ ನಮ್ಮೆಲ್ಲರ ಚೀಲಗಳಿಗಿಂತ ಮೊದಲೇ ಸಿದ್ಧವಾಗಿತ್ತು.

ರೈಲಿನ ನಿಯಮವನ್ನು ಮೊದಲೇ ತಿಳಿದಿರುವುದು ಲೇಸು. ಏಸಿ ಪ್ರಥಮ ದರ್ಜೆಯಲ್ಲಿ ಇಬ್ಬರ ಕೂಪೆಯನ್ನಾಗಲಿ ನಾಲ್ವರ ಕ್ಯಾಬಿನನ್ನಾಗಲಿ ಪೂರ್ತಿಯಾಗಿ ತಮ್ಮ ಹೆಸರಿಗೆ ಪಡೆದವರು ಮಾತ್ರ ನಾಯಿಯನ್ನು ಜೊತೆಗಿಟ್ಟುಕೊಳ್ಳಬಹುದು. ಸ್ಲೀಪರ್ ಮತ್ತು ಉಳಿದ ಏಸಿ ದರ್ಜೆಗಳಲ್ಲಿ ನಾಯಿಗೆ ಅವಕಾಶವಿಲ್ಲ. ಅಲ್ಲಿ ಪಯಣಿಸುವವರ ನಾಯಿ ಗಾರ್ಡಿನ ಬ್ರೇಕ್ ವ್ಯಾನಿನೊಳಗಿನ ಪೆಟ್ಟಿಗೆಯಲ್ಲಿ ಹೋಗಬೇಕು. ಮನೆಯೊಳಗೆ ಬೆಳೆದ ಪುಟ್ಟ ಪ್ರಾಣಿಯನ್ನು ರಾತ್ರಿಯಿಡೀ ಆ ಕತ್ತಲೆಯಲ್ಲಿ, ಆ ಸದ್ದಿನಲ್ಲಿ ಕೂಡಿಹಾಕುವುದಕ್ಕಿಂತ ಪ್ರವಾಸವನ್ನೇ ಬಿಡುವುದು ಮೇಲೆಂದು ನಮ್ಮ ಅಭಿಪ್ರಾಯ. ನಾವು ದಂಪತಿಗಳು, ಮಗ, ಅವ್ವ ಸೇರಿ ನಾಲ್ವರಾದುದರಿಂದ ಕ್ಯಾಬಿನ್ ಕೇಳಿದೆವು. ಹಣ ಕಟ್ಟಿದರೂ ಕ್ಯಾಬಿನ್ ದೊರೆಯಿತೋ ಇಲ್ಲವೋ ಎಂಬುದು ಚಾರ್ಟ್ ಸಿದ್ಧವಾಗುವವರೆಗೆ ತಿಳಿಯದು. ಆ ಆತಂಕಕ್ಕೆ ಮದ್ದಿಲ್ಲ. ದೊರೆತ ಮೇಲೆ ರೈಲು ಹೊರಡುವ ಮುನ್ನ ಪಾರ್ಸೆಲ್ ಕಚೇರಿಗೆ ಹೋಗಿ, ರೇಬೀಸ್ ಲಸಿಕೆಯ ಪುಸ್ತಕ ಹಾಗೂ ಪಶುವೈದ್ಯರ ಪ್ರಮಾಣಪತ್ರ ತೋರಿಸಿ, ನಾಯಿಗಳ ಬಾಡಿಗೆ ತುಂಬಿ ರಸೀದಿ ಪಡೆದೆವು. ಮುತ್ತುವಿನ ತೂಕವನ್ನು ಬರೆದುಕೊಂಡ ಗುಮಾಸ್ತರು, “ಇದು ನಮ್ಮ ಊಟದ ಡಬ್ಬಿಗಿಂತ ಹಗುರ ಐತ್ರೀ” ಎಂದು ನಕ್ಕರು. ಹೊರಡುವ ದಿನ ಸಂಜೆ ನಾಯಿಗಳಿಗೆ ಅರ್ಧ ಹೊಟ್ಟೆ ಊಟ ಹಾಕಿದ್ದೆವು. ರಾತ್ರಿ ಸುಖವಾಗಿ ಕಳೆಯಿತು.

ಬೆಂಗಳೂರಿನಲ್ಲಿ ವಸತಿಯದೇ ತೊಡಕು. ದೂರವಾಣಿಯಲ್ಲಿ ಒಪ್ಪಿದ್ದ ಒಂದು ವಸತಿಗೃಹದವರು ಬಾಗಿಲಿಗೆ ಬಂದಾಗ ನಾಯಿಗಳನ್ನು ಕಂಡು ಮುಖ ತಿರುಗಿಸಿದರು. ಎರಡನೆಯ ಕಡೆ ಹೆಚ್ಚು ಬಾಡಿಗೆ ತೆತ್ತು ನೆಲಮಾಳಿಗೆಯ ಕೋಣೆ ಹಿಡಿದೆವು. ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರಬೇಕೆಂಬುದನ್ನು ಓದುಗ ಬಂಧುಗಳು ಗಮನಿಸಬೇಕು. ಮನೆಯಲ್ಲಿ ಹಾಸುತ್ತಿದ್ದ ಹಳೆಯ ಕೌದಿಯನ್ನು ಅವ್ವ ತಂದಿದ್ದರು. ಅದನ್ನು ಮೂಲೆಯಲ್ಲಿ ಹಾಸಿದೊಡನೆ ಎರಡೂ ಅದರ ಮೇಲೆ ಸುರುಳಿ ಸುತ್ತಿಕೊಂಡವು.

ನಾಯಿಯೊಡನೆ ನೋಡುವ ಬೆಂಗಳೂರು ಬೇರೆಯೇ ಒಂದು ಊರು. ಮೆಟ್ರೋ ರೈಲಿಗೆ ಹತ್ತುವಂತಿಲ್ಲ, ಲಾಲ್‌ಬಾಗಿನೊಳಗೆ ಕಾಲಿಡುವಂತಿಲ್ಲ. ಆಟೋದವರು ಒಬ್ಬರು ಒಲ್ಲೆನೆಂದರೆ ಮತ್ತೊಬ್ಬರು ತಮ್ಮ ಮನೆಯ ನಾಯಿಯ ಕಥೆ ಹೇಳುತ್ತ ಕರೆದೊಯ್ಯುತ್ತಾರೆ. ಬೀದಿಗಳಲ್ಲಂತೂ ಎಚ್ಚರ ಅಗತ್ಯ. ಬೀದಿನಾಯಿಗಳ ಗುಂಪು ಎದುರಾದರೆ ಸಣ್ಣ ನಾಯಿಯನ್ನು ಸದ್ದಿಲ್ಲದೆ ಎತ್ತಿಕೊಂಡು, ಓಡದೆ, ಬೆನ್ನು ತೋರದೆ ಸರಿಯಬೇಕು. ಹೊತ್ತೇರಿದ ಮೇಲೆ ಡಾಂಬರು ಕಾಯುತ್ತದೆ. ಅಂಗೈ ಹಿಂಬದಿಯನ್ನು ಐದು ಕ್ಷಣ ನೆಲಕ್ಕೆ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸಲ್ಲದು. ನಾಯಿಯು ಮೈಯ ಬಿಸಿಯನ್ನು ಮುಖ್ಯವಾಗಿ ಏದುಸಿರಿನಿಂದಲೇ ಹೊರಹಾಕುತ್ತದೆ. ಗುಂಡನಂತಹ ಮೊಂಡು ಮೂಗಿನವಕ್ಕೆ ಅದೂ ಕಷ್ಟ. ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ನಾಯಿಯನ್ನು ಬಿಟ್ಟು ಅಂಗಡಿಗೆ ಹೋಗುವವರನ್ನು ನಾವು ಕಣ್ಣಾರೆ ಕಂಡೆವು. ಹತ್ತೇ ನಿಮಿಷಗಳಲ್ಲಿ ಅಂತಹ ಕಾರು ಒಲೆಯಾಗುತ್ತದೆ, ಪ್ರಾಣವೂ ಹೋಗುತ್ತದೆ. ಊಟದ ವಿಷಯದಲ್ಲಿ ಒಂದೇ ಮಾತು: ಹೋಟೆಲಿನ ಕೇಸರಿಬಾತನ್ನು ಪ್ರೀತಿಯಿಂದ ಬಾಯಿಗಿಡಬೇಡಿರಿ. ಅದರೊಳಗಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲುದು. ಈರುಳ್ಳಿ, ಚಾಕೊಲೇಟುಗಳೂ ಅವಕ್ಕೆ ವಿಷವೇ. ನಾಲ್ಕು ದಿನವೂ ನಮ್ಮವಕ್ಕೆ ಮೊಸರನ್ನವೇ ಗತಿಯಾಯಿತು.

ಕಬ್ಬನ್ ಪಾರ್ಕಿನಲ್ಲಿ ಕಳೆದ ಎರಡು ಮುಂಜಾವುಗಳು ಮಾತ್ರ ಈ ಎಲ್ಲ ತೊಡಕುಗಳನ್ನು ಮರೆಸಿದವು. 1870ರಲ್ಲಿ ರಿಚರ್ಡ್ ಸ್ಯಾಂಕಿಯವರು ರೂಪಿಸಿದ ಈ ಉದ್ಯಾನಕ್ಕೆ ಮೊದಲಿದ್ದುದು ಮೀಡ್ಸ್ ಪಾರ್ಕ್ ಎಂಬ ಹೆಸರು. ಕಾಗದಪತ್ರಗಳಲ್ಲಿ ಅದು ಶ್ರೀ ಚಾಮರಾಜೇಂದ್ರ ಉದ್ಯಾನ. ಅಠಾರಾ ಕಚೇರಿಯ ಕೆಂಪು ಗೋಡೆಗಳ ಮೇಲೆ ಎಳೆಬಿಸಿಲು ಬೀಳುವ ಹೊತ್ತಿಗೆ ನಗರದ ನಾಯಿಗಳೆಲ್ಲ ಇಲ್ಲಿಗೆ ಬರುತ್ತವೋ ಎನ್ನಿಸುತ್ತದೆ. ಬಿದಿರ ಮೆಳೆಗಳ ನಡುವೆ ಮುತ್ತು ಪೊರೆಗಣ್ಣಿನ ಪರಿವೆಯಿಲ್ಲದೆ ಮೂಗನ್ನೇ ಕಣ್ಣಾಗಿಸಿಕೊಂಡು ನಡೆಯಿತು. ಪ್ರತಿಯೊಂದು ಬುಡದ ಬಳಿಯೂ ನಿಂತು, ಮೂಸಿ, ಯೋಚಿಸಿ ಮುಂದೆ ಸಾಗುತ್ತಿತ್ತು. ನಾವೂ ನಿಲ್ಲಬೇಕಾಯಿತು. ಮೂರು ಸಲ ಬೆಂಗಳೂರಿಗೆ ಬಂದಾಗಲೂ ಗಾಡಿಯ ಕಿಟಕಿಯಿಂದಷ್ಟೇ ಕಂಡಿದ್ದ ಮರಗಳ ತೊಗಟೆಯನ್ನು ನಾವು ಮುಟ್ಟಿ ನೋಡಿದುದು ಆಗಲೇ. ಅವ್ವ ಕಲ್ಲುಬೆಂಚಿನ ಮೇಲೆ ಕುಳಿತು, ಭಾಷೆ ಬಾರದ ಒಬ್ಬ ಹಿರಿಯ ಮಹಿಳೆಯೊಡನೆ ನಾಯಿಗಳ ವಿಷಯವಾಗಿ ಕೈಸನ್ನೆಯಲ್ಲಿಯೇ ಅರ್ಧ ಗಂಟೆ ಮಾತನಾಡಿದರು. 2022ರಲ್ಲಿ ಇಲ್ಲಿ ಸಾಕುನಾಯಿಗಳ ಪ್ರವೇಶವನ್ನೇ ತಡೆಯುವ ಯೋಚನೆ ನಡೆದು, ಪ್ರಾಣಿಪ್ರಿಯರು ಅದನ್ನು ವಿರೋಧಿಸಿದ್ದರು. ಹೊಲಸು ಬಿಟ್ಟು ಹೋಗುವವರು, ಹಗ್ಗವಿಲ್ಲದೆ ನಾಯಿ ಬಿಡುವವರು ಆ ದೂರಿಗೆ ಕಾರಣರು. ನಾವು ಹಗ್ಗ ಬಿಚ್ಚಲಿಲ್ಲ. ಹಳೆಯ ವೃತ್ತಪತ್ರಿಕೆ, ಚೀಲ ನಮ್ಮ ಕೈಯಲ್ಲಿಯೇ ಇದ್ದವು.

ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ದರ್ಶನಕ್ಕೆ ಸರದಿಯ ಮೇಲೆ ಹೋದೆವು. ಇಬ್ಬರು ಒಳಗೆ, ಇಬ್ಬರು ನಾಯಿಗಳೊಡನೆ ಹೊರಗೆ ಮರದ ನೆರಳಿನಲ್ಲಿ. ಮೈಲಾರಲಿಂಗನ ಪರಿವಾರದಲ್ಲಿ ನಾಯಿಗೆ ಸ್ಥಾನವಿರುವುದನ್ನು ನಮ್ಮ ಕಡೆಯವರೆಲ್ಲ ಬಲ್ಲರು, ಆದರೆ ಆ ವಾದವನ್ನು ಕಾವಲುಗಾರರ ಮುಂದೆ ಹೂಡುವ ಧೈರ್ಯ ಮಗನಿಗೂ ಬರಲಿಲ್ಲ.

ಮೂರನೆಯ ದಿನ ಮುತ್ತು ಅನ್ನ ಮುಟ್ಟಲಿಲ್ಲ. ಪಶುವೈದ್ಯರು ಪರೀಕ್ಷಿಸಿ, ಕಾಯಿಲೆಯೇನೂ ಇಲ್ಲ, ದಣಿವು, ಮಲಗಲು ಬಿಡಿ ಎಂದರು. ಅಂದಿನ ಮೈಸೂರಿನ ಕಾರ್ಯಕ್ರಮವನ್ನು ಕೈಬಿಟ್ಟೆವು. ಮಗ ಮುನಿಸಿಕೊಂಡ. ವಯಸ್ಸಾದ ನಾಯಿಯನ್ನು, ಹೆದರುವ ನಾಯಿಯನ್ನು ಎಲ್ಲರೂ ಕರೆದೊಯ್ಯಲೆಂದು ನಾವು ಹೇಳಲಾರೆವು. ಅದರ ಸುಖಕ್ಕಾಗಿ ಹೊರಡುತ್ತಿದ್ದೇವೋ ನಮ್ಮ ಸುಖಕ್ಕಾಗಿಯೋ ಎಂದು ಮೊದಲೇ ಕೇಳಿಕೊಳ್ಳಬೇಕು. ನಮ್ಮ ಉತ್ತರ ಅವ್ವನಿಗಾಗಿ ಎಂಬುದಾಗಿತ್ತು. ಆ ಹಗಲು ಕೌದಿಯ ಬಳಿ ಕುಳಿತವರೂ ಅವರೇ. ಸಂಜೆಯ ಹೊತ್ತಿಗೆ ಮುತ್ತು ಎದ್ದು ಅವರ ಕೈಯಿಂದ ಎರಡು ತುತ್ತು ತಿಂದಿತು.

ಕೊನೆಯ ದಿನ ಉದ್ಯಾನದ ಪಕ್ಕದ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆವು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಈ ಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನು ಗಂಗರ ಇಮ್ಮಡಿ ಬೂತುಗನಲ್ಲಿ ಬೇಡಿ ಪಡೆದುದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಅಲ್ಲಿನ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದೂ ಬರೆಯಿಸಿದರು. ಕಲ್ಲಿನ ಮೇಲೆ ಹಂದಿಯೂ ನಾಯಿಯೂ ಸೆಣಸುತ್ತಿರುವ ಚಿತ್ರವಿದೆ.

ನಾವು ಇದನ್ನು ಓದಿ ಹೇಳುತ್ತಿದ್ದಂತೆ ಅವ್ವ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. “ಹೆಸರಸುದ್ದಾ ಬರಸ್ಯಾರ ನೋಡ್” ಎಂದರು. ಆಮೇಲೆ, ಹೊರಗೆ ನಾಯಿಗಳನ್ನು ಹಿಡಿದು ನಿಂತಿದ್ದ ಮಗನ ಕೈಯಿಂದ ಹಗ್ಗ ತೆಗೆದುಕೊಂಡು, ಅವನನ್ನು ಒಳಗೆ ಕಳುಹಿಸಲು ಬೇಗಬೇಗನೆ ಬಾಗಿಲಿನತ್ತ ನಡೆದರು.