‘ಹೂಂ ಸಾರ್’ ಎಂದ ಮೇಲೆ

ಸರ್ಕಾರಿ ಕಚೇರಿಯಲ್ಲಿ ಮೇಲಧಿಕಾರಿಯನ್ನು ನಾವು ಆರಿಸಿಕೊಳ್ಳುವುದಿಲ್ಲ. ವರ್ಗಾವಣೆ ಆದೇಶ ಬರುತ್ತದೆ, ಒಬ್ಬರು ಹೋಗುತ್ತಾರೆ, ಇನ್ನೊಬ್ಬರು ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಪಕ್ಕದ ಮೇಜಿನವರೂ ಹಾಗೆಯೇ. ಸೇವೆಯಲ್ಲಿ ಒಳ್ಳೆಯವರನ್ನೂ ಕಂಡಿದ್ದೇನೆ, ಕಷ್ಟದವರನ್ನೂ ಕಂಡಿದ್ದೇನೆ. ಕಷ್ಟದವರ ಬಗ್ಗೆ ಆಡಿದ ಮಾತಿಗೆ ಲೆಕ್ಕವಿಲ್ಲ; ಅವರೆದುರು ನಾನು ಏನಾಗುತ್ತಿದ್ದೆ ಎಂದು ಯೋಚಿಸಿದ್ದು ಕಡಿಮೆ. ಈಗ ಸೂಪರಿಂಟೆಂಡೆಂಟ್ ಆಗಿದ್ದೇನೆ, ನನ್ನ ಕೈಕೆಳಗೂ ಜನ ಇದ್ದಾರೆ. ಅದನ್ನು ಯೋಚಿಸದೆ ವಿಧಿಯಿಲ್ಲ.

ನಾನು ವಿಷಯ ನಿರ್ವಾಹಕಿಯಾಗಿದ್ದಾಗ ಒಬ್ಬ ಅಧಿಕಾರಿ ಇದ್ದರು. ಕಡತ ಮಂಡಿಸಿದರೆ ಟಿಪ್ಪಣಿ ಹಾಳೆಯ ಅಂಚಿನಲ್ಲಿ ‘ಚರ್ಚಿಸಿ’ ಎಂದು ಬರೆದು ವಾಪಸು ಕಳಿಸುತ್ತಿದ್ದರು. ಚರ್ಚಿಸಲು ಹೋದರೆ ತಲೆಯನ್ನೇ ಎತ್ತುತ್ತಿರಲಿಲ್ಲ. ಅವರ ಫೋನು ಮುಗಿಯುತ್ತಿತ್ತು, ಬಂದವರು ಕಾಫಿ ಕುಡಿದು ಹೋಗುತ್ತಿದ್ದರು, ನಾನು ಕಡತವನ್ನು ಎದೆಗವಚಿಕೊಂಡು ನಿಂತೇ ಇರುತ್ತಿದ್ದೆ. ಕಡೆಗೆ, ‘ಏನ್ರೀ ಇದು? ಸರ್ವಿಸ್‌ಗೆ ಸೇರಿ ಎಷ್ಟು ವರ್ಷ ಆಯ್ತು? ಒಂದು ಟಿಪ್ಪಣಿ ಬರೆಯೋಕೆ ಬರಲ್ವಾ?’ ಎನ್ನುತ್ತಿದ್ದರು. ಯಾವ ಕಂಡಿಕೆಯಲ್ಲಿ ಏನು ತಪ್ಪಾಗಿದೆ ಎಂದು ಮಾತ್ರ ಹೇಳುತ್ತಿರಲಿಲ್ಲ. ‘ಹೂಂ ಸಾರ್, ಸರಿ ಮಾಡ್ತೀನಿ ಸಾರ್’ ಎಂದು ಹೊರಗೆ ಬರುತ್ತಿದ್ದೆ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಟೆಂಡರ್ ಕೇಳಿಸದವನಂತೆ ಮುಖ ತಿರುಗಿಸುತ್ತಿದ್ದ. ಬೈಗುಳಕ್ಕಿಂತ ಅವನ ಆ ಕನಿಕರವೇ ಹೆಚ್ಚು ಚುಚ್ಚುತ್ತಿತ್ತು.

ತಾಳ್ಮೆಯ ಹೆಂಗಸು ಎಂದು ಕಚೇರಿಯಲ್ಲಿ ನನಗೆ ಹೆಸರಿತ್ತು. ಅದನ್ನು ನಾನೂ ನಂಬಿದ್ದೆ. ಈಗ ಬಿಡಿಸಿ ನೋಡಿದರೆ ಆ ತಾಳ್ಮೆಯಲ್ಲಿ ಬಹುಪಾಲು ಭಯವೇ ಇತ್ತು. ವರ್ಷದ ಕೊನೆಗೆ ನನ್ನ ಕಾರ್ಯನಿರ್ವಹಣಾ ವರದಿಯಲ್ಲಿ ಅವರು ಏನು ಬರೆದುಬಿಡುತ್ತಾರೋ, ನನಗೆ ಗೊತ್ತಾಗದ ಹಾಗೆ ಬಡ್ತಿ ಎಲ್ಲಿ ತಪ್ಪಿಹೋಗುತ್ತದೋ ಎಂಬ ಭಯ. ಆ ಭಯ ಸಂಜೆ ನನ್ನ ಜೊತೆಯಲ್ಲೇ ಬಸ್ಸು ಹತ್ತುತ್ತಿತ್ತು. ಹೇಳಲಾರದೆ ಉಳಿದ ಉತ್ತರಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಮನೆ ಸೇರುತ್ತಿದ್ದೆ. ಮಗನ ಲೆಕ್ಕದ ಪುಸ್ತಕದಲ್ಲಿ ಒಂದು ಕೂಡಿಕೆ ತಪ್ಪಿದ್ದರೆ, ‘ಇಷ್ಟೂ ಬರಲ್ವಾ ನಿನಗೆ?’ ಎಂದು ಅದೇ ಧಾಟಿಯಲ್ಲಿ ಗದರುತ್ತಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ನಾವೆಲ್ಲ ಸೇರಿ ಅವರನ್ನು ಬೈಯುತ್ತಿದ್ದೆವು. ಆ ಹೊತ್ತಿಗೆ ಎದೆ ಹಗುರಾಗುತ್ತಿತ್ತು. ಊಟ ಮುಗಿದು ಮೇಜಿಗೆ ಮರಳುವಾಗ ಹಳೆಯ ಸಿಟ್ಟೆಲ್ಲ ಹೊಸದಾಗಿರುತ್ತಿತ್ತು. ನಮ್ಮ ಜೊತೆಯಲ್ಲೇ ಉಣ್ಣುತ್ತಿದ್ದ ಒಬ್ಬ ಸಹೋದ್ಯೋಗಿ ನಮ್ಮ ಮಾತುಗಳನ್ನು ಚೇಂಬರಿಗೆ ಮುಟ್ಟಿಸುತ್ತಿದ್ದ. ಅಧಿಕಾರಿಗಿಂತ ಅವನನ್ನೇ ನಾನು ಹೆಚ್ಚು ದ್ವೇಷಿಸಿದೆ. ತಂದೆ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಕೆಲಸಕ್ಕೆ ಸೇರಿದವನು, ಇಲಾಖಾ ಪರೀಕ್ಷೆ ಪಾಸಾಗದೆ ಒದ್ದಾಡುತ್ತಿದ್ದಾನೆ ಎಂದು ತಿಳಿದದ್ದು ಬಹಳ ತಡವಾಗಿ. ನನ್ನ ಬಾಯಿ ಮುಚ್ಚಿಸಿದ ಭಯವೇ ಚೇಂಬರಿನಲ್ಲಿ ಅವನ ಬಾಯಿ ಬಿಡಿಸುತ್ತಿತ್ತು. ಅವನು ಮಾಡಿದ್ದು ಸರಿ ಎಂದು ನನಗೆ ಇವತ್ತಿಗೂ ಅನಿಸಿಲ್ಲ. ಆದರೆ ದ್ವೇಷ ಇಳಿಯಿತು. ಎದುರಿಗೆ ಹೇಳಲಾರದ್ದನ್ನು ಡಬ್ಬಿಯ ಮುಂದೆ ಹೇಳುವುದನ್ನು ಬಿಟ್ಟೆ. ಮುಟ್ಟಿಸಲು ಅವನಿಗೂ ಏನೂ ಸಿಗದಾಯಿತು.

ನನ್ನ ಭಯವನ್ನು ಅರ್ಧದಷ್ಟು ಇಳಿಸಿದ್ದು ಒಂದು ತೀರ್ಪು. ನೌಕರರ ಸಂಘದ ಹಿರಿಯರೊಬ್ಬರು ಹೇಳಿದ್ದು. ಗಡಿ ರಸ್ತೆ ಸಂಸ್ಥೆಯಲ್ಲಿ ದೇವ್ ದತ್ ಎಂಬ ಎಂಜಿನಿಯರ್ ಇದ್ದರು. ಅವರ ಬಡ್ತಿಗೆ ‘ಬಹಳ ಉತ್ತಮ’ ಎಂಬ ಷರಾ ಬೇಕಿತ್ತು. ಒಂದು ವರ್ಷದ ಗೋಪ್ಯ ವರದಿಯಲ್ಲಿ ‘ಉತ್ತಮ’ ಎಂದಷ್ಟೇ ಇತ್ತು. ಅದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್, ಷರಾ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಪ್ರತಿಯೊಂದನ್ನೂ ನೌಕರರಿಗೆ ತಿಳಿಸಬೇಕು, ಅದರ ಬಗ್ಗೆ ಮನವಿ ಸಲ್ಲಿಸಲು ಅವಕಾಶ ಕೊಡಬೇಕು ಎಂದಿತು. 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಎತ್ತಿಹಿಡಿಯಿತು. ಕತ್ತಲಲ್ಲಿ ಕೂತು ನನ್ನ ಹಣೆಬರಹ ಬರೆಯುವ ಅಧಿಕಾರ ಯಾರಿಗೂ ಇಲ್ಲ ಎಂದು ತಿಳಿದ ದಿನ ಚೆನ್ನಾಗಿ ನಿದ್ದೆ ಬಂತು.

ಮತ್ತೆ ‘ಚರ್ಚಿಸಿ’ ಎಂದು ಕಡತ ವಾಪಸು ಬಂದಾಗ ಪ್ಯಾಡು, ಪೆನ್ನು ಹಿಡಿದು ಒಳಗೆ ಹೋದೆ. ‘ಸಾರ್, ಯಾವ ಕಂಡಿಕೆ ಬದಲಾಯಿಸಬೇಕು ಹೇಳಿ, ಇಲ್ಲೇ ಬರೆದುಕೊಳ್ತೀನಿ’ ಎಂದೆ. ದನಿ ನಡುಗುತ್ತಿತ್ತು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಗೊಣಗುತ್ತಲೇ ಎರಡು ಅಂಶ ಹೇಳಿದರು. ಒಂದು ಸರಿಯಾಗಿಯೇ ಇತ್ತು: ಸರ್ಕಾರಿ ಆದೇಶವನ್ನು ಉಲ್ಲೇಖಿಸಿದ್ದೆ, ಅದಕ್ಕೆ ಬಂದ ತಿದ್ದುಪಡಿಯನ್ನು ನೋಡಿರಲಿಲ್ಲ. ಹೆದರಿದವರ ಕಿವಿಗೆ ನ್ಯಾಯವಾದ ಮಾತೂ ಬೈಗುಳವಾಗಿಯೇ ಬೀಳುತ್ತದೆ. ಹಾಗೆ ಎಷ್ಟು ಕಲಿಕೆ ಕೈತಪ್ಪಿತೋ! ಅವರ ಬಾಯಿ ಆಮೇಲೂ ಹಾಗೆಯೇ ಇತ್ತು. ಆದರೆ ಬೈದದ್ದನ್ನು ಅಲ್ಲೇ ಬಿಟ್ಟು, ಕೆಲಸಕ್ಕೆ ಬೇಕಾದದ್ದನ್ನಷ್ಟೇ ಬರೆದುಕೊಂಡು ಬರುವುದು ನನಗೆ ರೂಢಿಯಾಯಿತು. ಬಾಯಿಮಾತಿನಲ್ಲಿ ಕೊಟ್ಟ ಸೂಚನೆಯನ್ನು ‘ಮೌಖಿಕ ಸೂಚನೆಯಂತೆ ಮಂಡಿಸಿದೆ’ ಎಂದು ಟಿಪ್ಪಣಿಯಲ್ಲೇ ದಾಖಲಿಸತೊಡಗಿದೆ.

ಇದೆಲ್ಲ ಒರಟರ ಮಾತಾಯಿತು. ಸಹಿಸಬಾರದ್ದೂ ಇದೆ. ಹೆಣ್ಣುಮಕ್ಕಳ ಮೈಮೇಲೆ ಕಣ್ಣು ಹಾಕುವುದು, ಎರಡರ್ಥದ ಮಾತಾಡುವುದು ‘ಅವರ ಸ್ವಭಾವವೇ ಹಾಗೆ’ ಎಂದು ಹೊಂದಿಕೊಂಡು ಹೋಗುವ ವಿಷಯವಲ್ಲ. 1997ರ ವಿಶಾಖಾ ತೀರ್ಪಿನ ಹಾದಿಯಲ್ಲಿ ಬಂದ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಅಲ್ಲಿ ಲಿಖಿತ ದೂರು ಕೊಡಬಹುದು. ರಾತ್ರಿ ನಿದ್ದೆ ಬಾರದೆ, ಬೆಳಿಗ್ಗೆ ಕಚೇರಿ ಎಂದರೆ ಕೈಕಾಲು ತಣ್ಣಗಾಗುವ ಸ್ಥಿತಿ ಬಂದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ನನ್ನ ವಿಭಾಗಕ್ಕೆ ಈಚೆಗೆ ಸೇರಿದ ದ್ವಿತೀಯ ದರ್ಜೆ ಸಹಾಯಕಿ ನಾನು ಏನು ಹೇಳಿದರೂ, ಮಾತು ಮುಗಿಯುವ ಮೊದಲೇ ‘ಹೂಂ ಮೇಡಂ’ ಎನ್ನುತ್ತಾಳೆ. ಕೇಳಿದಾಗಲೆಲ್ಲ ಎದೆಯಲ್ಲಿ ಕಸಿವಿಸಿ. ನಾನು ಏರುದನಿಯಲ್ಲಿ ಮಾತಾಡಿದವಳಲ್ಲ; ಆದರೂ ಕುರ್ಚಿಗೆ ಅದರದೇ ಒಂದು ಗದರಿಕೆ ಇರುತ್ತದೆ. ಈಗ ಅವಳನ್ನು ಕೂರಿಸಿ ಮಾತಾಡುತ್ತೇನೆ, ತಿದ್ದಬೇಕಾದ್ದನ್ನು ಕಂಡಿಕೆ ಸಹಿತ ಬರೆದೇ ಕಡತ ಹಿಂತಿರುಗಿಸುತ್ತೇನೆ. ‘ಇಲ್ಲ ಮೇಡಂ, ನೀವು ಹೇಳಿದ್ದು ಸರಿಯಿಲ್ಲ ಅನಿಸುತ್ತೆ’ ಎಂದು ಅವಳು ಒಂದು ದಿನ ಹೇಳಬೇಕು. ಹೇಳಿದಾಗ ಮುಖ ಗಂಟಿಕ್ಕದೆ ಪೂರ್ತಿ ಕೇಳುವ ಕೆಲಸ ನನ್ನದು.