ವಾಡೆಯ ವಾರಸುದಾರರು



ಮನೆಯನ್ನು ಕಟ್ಟುವುದು ಕಷ್ಟ. ಕಟ್ಟಿದ ಮನೆಯನ್ನು ಯಾರಿಗೆ ಬಿಟ್ಟು ಹೋಗಬೇಕೆಂಬುದು ಅದಕ್ಕಿಂತಲೂ ಕಷ್ಟ. ಇಂಗ್ಲೆಂಡಿನಲ್ಲಿ ರಜೆ ಬಂದರೆ ಜನರು ಬಸ್ಸಿನಲ್ಲಿ ಕುಳಿತು ಹಳೆಯ ಶ್ರೀಮಂತರ ಗ್ರಾಮೀಣ ಮಹಲುಗಳನ್ನು ನೋಡಿ ಬರುವುದುಂಟು. ಒಂದು ಕಾಲಕ್ಕೆ ಹಳ್ಳಿಗರು ಹಿತ್ತಲ ಬಾಗಿಲಿನಿಂದಲೇ ಪ್ರವೇಶಿಸಬೇಕಾಗಿದ್ದ ಮನೆಗಳವು. ಕಳೆದ ಶತಮಾನದಲ್ಲಿ ತೆರಿಗೆಯ ಭಾರವನ್ನೂ ದುರಸ್ತಿಯ ಖರ್ಚನ್ನೂ ತಾಳಲಾರದೆ ಅಂಥ ನೂರಾರು ಮಹಲುಗಳು ನೆಲಸಮವಾದವು. 1895ರಲ್ಲಿ ಸ್ಥಾಪನೆಯಾಗಿದ್ದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ 1937ರ ಕಾಯ್ದೆಯೊಂದು ಹೊಸ ದಾರಿಯನ್ನು ತೋರಿಸಿತು. ಒಡೆಯನು ಮನೆಯನ್ನು ಸಂಸ್ಥೆಗೆ ಒಪ್ಪಿಸಿ ತಾನೂ ಅಲ್ಲಿಯೇ ವಾಸಿಸಬಹುದು. ಆದರೆ ಸಾರ್ವಜನಿಕರಿಗೆ ಬಾಗಿಲು ತೆರೆದಿರಬೇಕು. ಹೀಗೆ ಎಷ್ಟೋ ಮಹಲುಗಳಿಗೆ ನಾಡಿನ ಜನರೇ ವಾರಸುದಾರರಾದರು.

ಇಂಥ ಪ್ರವಾಸಕ್ಕೆ ನಾವು ಸಮುದ್ರ ದಾಟಬೇಕಾಗಿಲ್ಲ. ನಮ್ಮ ಬಯಲುಸೀಮೆಯಲ್ಲಿ ದೇಸಾಯರ ವಾಡೆಗಳಿವೆ. ಶಿಗ್ಲಿ ಮತ್ತು ಸುತ್ತಲಿನ ನಮ್ಮ ಸಭೆಯ ಕುಟುಂಬಗಳು ಒಮ್ಮೆ ಎರಡು ದಿನಗಳ ಮಟ್ಟಿಗೆ ಬಸ್ಸು ಗೊತ್ತು ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು, ಹುಬ್ಬಳ್ಳಿ ಧಾರವಾಡಗಳನ್ನು ದಾಟಿ ಕಿತ್ತೂರಿಗೆ ಹೋದೆವು.

ಕಿತ್ತೂರಿನ ಅರಮನೆಯಲ್ಲಿ ಇಂದು ಉಳಿದಿರುವುದು ಮೊಂಡುಗೋಡೆಗಳು ಮಾತ್ರ. ಧ್ರುವ ನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಮಾಡಿದ ದುಂಡನೆಯ ರಂಧ್ರವನ್ನು ಅಲ್ಲಿ ತೋರಿಸುತ್ತಾರೆ. ಮಕ್ಕಳು ಸಾಲಾಗಿ ನಿಂತು ಅದರಲ್ಲಿ ಕಣ್ಣಿಟ್ಟು ನೋಡಿದರು. ಈ ಮನೆ ಬಿದ್ದುದು ವಾರಸುದಾರಿಕೆಯ ಪ್ರಶ್ನೆಯಿಂದಲೇ ಎಂಬುದನ್ನು ಅವರಿಗೆ ವಿವರಿಸಿ ಹೇಳಬೇಕಾಯಿತು. 1824ರಲ್ಲಿ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತು ಪುತ್ರನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕೋಟೆ ಕಂಪನಿಯ ವಶವಾಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದಳು.

ಮರುದಿನ ಬೈಲಹೊಂಗಲ, ಸವದತ್ತಿಗಳ ಮಾರ್ಗವಾಗಿ ಸಿರಸಂಗಿಗೆ ಬಂದೆವು. ಈ ಊರಿಗೂ ನಮ್ಮ ಶಿಗ್ಲಿಗೂ ಇರುವ ನಂಟು ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತು? 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿದ ರಾಮಪ್ಪನೆಂಬ ಬಾಲಕನು ನವಲಗುಂದ–ಸಿರಸಂಗಿ ದೇಸಗತಿಗೆ ದತ್ತಕನಾಗಿ ಹೋಗಿ ಲಿಂಗರಾಜ ದೇಸಾಯಿಯಾದನು. ಕಿತ್ತೂರಿಗೆ ದಕ್ಕದೆ ಹೋದ ದತ್ತಕದ ಹಕ್ಕು ಇವರಿಗೆ ದಕ್ಕಿತು. ಆದರೆ ಅವರು ಅದನ್ನು ತಮ್ಮ ರಕ್ತಸಂಬಂಧಿಗಳಿಗಾಗಿ ಕಾಯ್ದಿರಿಸಲಿಲ್ಲ. ಮರಣಶಾಸನದ ಮೂಲಕ ಆಸ್ತಿಯನ್ನು ತಮ್ಮ ಲಿಂಗಾಯತ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಕೊಟ್ಟು 1906ರಲ್ಲಿ ತೀರಿಕೊಂಡರು. ಜನರು ಅವರನ್ನು ತ್ಯಾಗವೀರರೆಂದು ಕರೆದರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಕೆ.ಎಲ್.ಇ. ಸಂಸ್ಥೆಯ ಕಾಲೇಜು ಅವರ ಹೆಸರನ್ನೇ ಹೊತ್ತಿದೆ.

ವಾಡೆಗಳೆಂದರೆ ಬರಿಯ ವೈಭವವಲ್ಲ ಎಂಬುದನ್ನೂ ಹೇಳಬೇಕು. ನಮ್ಮೊಂದಿಗಿದ್ದ ವೃದ್ಧೆಯೊಬ್ಬರು ಕಂಬ ತೊಲೆಗಳ ಕುಸುರಿಯನ್ನು ನೋಡಲೇ ಇಲ್ಲ. "ಇಷ್ಟ ದೊಡ್ಡ ಅಂಗಳ ದಿನಾ ಯಾರ ಸಾರಸ್ತಿದ್ರೋ ಯವ್ವಾ!" ಎಂದರು. ಆ ಮಾತಿಗೆ ಯಾರೂ ನಗಲಿಲ್ಲ. ನಮ್ಮಲ್ಲಿ ಅನೇಕರ ಅಜ್ಜಂದಿರು ಹೆಬ್ಬಾಗಿಲಿನ ಹೊರಗೆ ಚಪ್ಪಲಿ ಕಳಚಿ, ಕೈಕಟ್ಟಿ ನಿಂತವರು. ಅಜ್ಜಿಯಂದಿರು ಇಂಥ ಅಂಗಳಗಳನ್ನು ಸಗಣಿಯಿಂದ ಸಾರಿಸಿದವರು. ವಾಡೆಯ ಬೆಲೆಯನ್ನು ಅಳೆಯುವಾಗ ಆ ಕೈಗಳನ್ನು ಮರೆಯಲಾಗದು. ಹಾಗಿದ್ದೂ ಒಬ್ಬ ದೇಸಾಯಿಯು ತನ್ನ ಸಂಪತ್ತು ತನ್ನದಲ್ಲ, ಬರುವ ತಲೆಮಾರಿನದು ಎಂದು ಬರೆದಿಟ್ಟನಲ್ಲ, ಅದು ಸಣ್ಣ ಮಾತಲ್ಲ.

ಇದನ್ನೆಲ್ಲ ನಾನು ನಿಮಗೆ ಬರೆಯಲು ಕಾರಣವಿದೆ. ನಮ್ಮದು ವಾಡೆಯಲ್ಲ, ಮಣ್ಣಿನ ಮಾಳಿಗೆಯ ನಾಲ್ಕು ಅಂಕಣದ ಮನೆ. ತಾಯಿಯವರು ತೀರಿಕೊಂಡ ಮೇಲೆ ಅದಕ್ಕೆ ಕೀಲಿ ಬಿದ್ದಿತು. ತಮ್ಮಂದಿರಲ್ಲಿ ಒಬ್ಬನು ಪುಣೆಯಲ್ಲಿ, ಇನ್ನೊಬ್ಬನು ಬೆಂಗಳೂರಿನಲ್ಲಿ. ಸಾಗುವಾನಿಯ ತೊಲೆಗಳಿಗೂ ಬಾಗಿಲ ಚೌಕಟ್ಟಿಗೂ ಒಳ್ಳೆಯ ಬೆಲೆ ಕೊಡುತ್ತೇನೆಂದು ವ್ಯಾಪಾರಿಯೊಬ್ಬನು ಎರಡು ಸಲ ಬಂದು ಹೋದನು. ಮಾರಿ ಹಂಚಿಕೊಳ್ಳೋಣವೆಂದು ತಮ್ಮಂದಿರ ಅಭಿಪ್ರಾಯ. ಅವರ ಮಕ್ಕಳ ಕಾಲೇಜಿನ ಶುಲ್ಕವೂ ಸುಳ್ಳಲ್ಲವಷ್ಟೇ.

ಪ್ರವಾಸದಿಂದ ಮರಳಿದ ಮೇಲೆ ಮೂವರೂ ಕುಳಿತು ಮಾತಾಡಿದೆವು. ಮಾತು ಬಿಸಿಯೇರಿತು, ಆರಿತು. ಕಡೆಗೆ ಒಂದು ವರ್ಷದ ಮಟ್ಟಿಗೆ ಮಾರಾಟವನ್ನು ತಡೆಹಿಡಿದು, ಸಂಜೆಯ ಹೊತ್ತು ಪಡಸಾಲೆಯನ್ನು ಓಣಿಯ ಮಕ್ಕಳ ಓದಿಗೆ ತೆರೆದಿಡಲು ಒಪ್ಪಿದೆವು. ಈಗ ಅಲ್ಲಿ ಹನ್ನೊಂದು ಮಕ್ಕಳು ಬರುತ್ತಾರೆ, ಎಲ್ಲ ಜಾತಿಯವರೂ. ವರ್ಷ ಮುಗಿದ ಮೇಲೆ ಏನಾಗುವುದೋ ನಾನು ಹೇಳಲಾರೆ.

ನಿಮ್ಮ ಊರಿನಲ್ಲಿಯೂ ಕೀಲಿ ಬಿದ್ದ ಮನೆಯೊಂದು ಇರಬಹುದು. ಅದನ್ನು ಮಾರುವ ಅಧಿಕಾರ ನಿಮಗುಂಟು, ಅದರಲ್ಲಿ ತಪ್ಪೂ ಇಲ್ಲ. ಆದರೆ ಕಾಗದಕ್ಕೆ ಸಹಿ ಹಾಕುವ ಮುನ್ನ ಒಂದು ಸಂಜೆ ಬಾಗಿಲು ತೆರೆದು, ಪಡಸಾಲೆಯಲ್ಲಿ ಕುಳಿತು, ಇದಕ್ಕೆ ನಾವಲ್ಲದೆ ಬೇರೆ ವಾರಸುದಾರರು ಯಾರಾದರೂ ಇದ್ದಾರೆಯೇ ಎಂದು ಯೋಚಿಸಿ ನೋಡಿರಿ.