ಮರದ ಋಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಮನೆ ಕೊಂಡು ನೋಡು ಎಂದು ಹೇಳದೆ ಹೋದುದು ಒಂದು ಲೋಪವೇ ಸರಿ. ಮಳವಳ್ಳಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಮೇಷ್ಟರೊಬ್ಬರು ಆ ಲೋಪವನ್ನು ಸ್ವಂತ ಖರ್ಚಿನಲ್ಲಿ ತುಂಬಿಕೊಳ್ಳಬೇಕಾಯಿತು.

ಮಳವಳ್ಳಿಗೆ ರೈಲಿಲ್ಲ. ಮಗ ಬೆಂಗಳೂರಿನಲ್ಲಿ, ಮಗಳು ಮೈಸೂರಿನಲ್ಲಿ. ಇಬ್ಬರಿಗೂ ನಡುವೆ, ರೈಲುಹಾದಿಯ ಮೇಲೆ ಮನೆ ಮಾಡಬೇಕೆಂದರೆ ಮದ್ದೂರು, ಇಲ್ಲವೇ ಮಂಡ್ಯ. ಮೇಷ್ಟರು ಮದ್ದೂರಿನ ವಡೆಗೆ ಸೋತಿದ್ದರು. ಅವರ ಪತ್ನಿ ಸೋತದ್ದು ಮಂಡ್ಯದ ಬಡಾವಣೆಗಳ ನೆರಳಿಗೆ. ಗೆದ್ದದ್ದು ನೆರಳೇ.

ಈ ನೆರಳು ಮಂಡ್ಯದ ಹುಟ್ಟುಸೊತ್ತಲ್ಲ. 1911ರಲ್ಲಿ ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾದಾಗ ಈ ಸೀಮೆ ಬಹುಮಟ್ಟಿಗೆ ಮಳೆಯ ದಾರಿ ಕಾಯುವ ಬೆದ್ದಲು. 1930ರ ದಶಕದಲ್ಲಿ ನಾಲೆಯ ನೀರು ಬಂದಿತು; 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು; 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ನೀರಿನ ಹಿಂದೆ ಭತ್ತ, ಕಬ್ಬು. ಅವುಗಳ ಹಿಂದೆ ನೌಕರರು, ವಕೀಲರು. ಅವರ ಮನೆಗಳ ಹಿತ್ತಲಿನಲ್ಲಿ ತೆಂಗು, ಮಾವು, ಸಂಪಿಗೆ. ಅಶೋಕನಗರ, ಸುಭಾಷನಗರಗಳ ಬೀದಿಗಳಲ್ಲಿ ತಂಪನ್ನು ಮೆಚ್ಚುವವರುಂಟು. ಅದು ಕಾವೇರಿಯ ಕೊಡುಗೆಯೆಂದು ನೆನೆಯುವವರು ವಿರಳ.

ದಳ್ಳಾಳಿ ಮೊದಲು ತೋರಿಸಿದ್ದು ಊರಂಚಿನ ಹೊಸ ಮನೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಅವನು ಆ ಮನೆಯದೇ ಒಂದು ಕೋಣೆಯೆಂಬಂತೆ ವರ್ಣಿಸಿದನು. ಮೇಷ್ಟರು ಮುಂಗಡಕ್ಕೆ ಕೈ ಹಾಕಿದರು.

“ಏನೂಂದ್ರೆ, ನಾಲೆಗೆ ನೀರು ಬಿಡಲಿ. ಆಮೇಲೆ ಇನ್ನೊಂದ್ಸಲ ನೋಡೋಣ,” ಎಂದರು ಪತ್ನಿ.

ಶ್ರಾವಣದಲ್ಲಿ ಹೋಗಿ ನೋಡಿದರೆ ಗೋಡೆಗೆ ಮೊಳದುದ್ದ ತೇವ ಏರಿತ್ತು. ಮನೆಯ ಅಡಿಯಲ್ಲಿದ್ದ ಗದ್ದೆ ತನ್ನ ನೀರನ್ನು ಮರೆತಿರಲಿಲ್ಲ. ಭೂಪರಿವರ್ತನೆಯ ಆದೇಶವನ್ನು ಕೇಳಿದಾಗ ದಳ್ಳಾಳಿಗೆ ಬೇರೆಲ್ಲೋ ತುರ್ತು ಕೆಲಸ ನೆನಪಾಯಿತು.

ಕೊನೆಗೆ ಒಪ್ಪಿಗೆಯಾದದ್ದು ಹಳೆಯ ಬಡಾವಣೆಯ ಹಂಚಿನ ಮನೆ, ಮುಂದೊಂದು ಹೊಂಗೆಮರ. ಖಾತೆ ಸರಿಯಾಗಿತ್ತು, ಕಂದಾಯದ ರಸೀದಿಗಳಿದ್ದುವು, ಋಣಭಾರ ಪತ್ರದಲ್ಲಿ ಒಂದು ಕಾಸಿನ ಸಾಲವೂ ಇರಲಿಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಹಿ ಹಾಕಿದ ಮೇಲೆ, ಮನೆ ಮಾರಿದ ವೃದ್ಧೆ ಮೆಲ್ಲನೆ ನುಡಿದರು:

“ಮರ ಕಡಿಸ್ಬೇಡಿ ಮೇಷ್ಟ್ರೇ. ಅವರು ನೆಟ್ಟಿದ್ದು.”

ಕ್ರಯಪತ್ರದಲ್ಲಿ ನಿವೇಶನದ ಚಕ್ಕುಬಂದಿಯಿತ್ತು. ನೆರಳಿಗೆ ಚಕ್ಕುಬಂದಿ ಬರೆದವರಿಲ್ಲ. ಮೇಷ್ಟರು ಸುಮ್ಮನೆ ತಲೆಯಾಡಿಸಿದರು.

ಗೃಹಪ್ರವೇಶಕ್ಕೆ ಬಂದ ಮಗ ಅಂಗಳವನ್ನು ಅಳೆದು, “ಅಪ್ಪಾ, ಈ ಮರ ತೆಗೆಸಿದ್ರೆ ಕಾರು ಒಳಗೇ ನಿಲ್ಲುತ್ತೆ,” ಎಂದನು. ಮಾತು ನ್ಯಾಯವೇ. ಮನೆಯ ಬೆಲೆಯಲ್ಲಿ ಅರ್ಧ ಅವನ ಸಾಲದ್ದು. ಮೇಷ್ಟರು ಒಳಗೆ ಹೋಗಿ ಋಣಭಾರ ಪತ್ರವನ್ನು ತಂದು ಅವನ ಕೈಗಿತ್ತರು.

“ಇದರಲ್ಲಿ ಬರೆಯದೆ ಬಿಟ್ಟಿರೋ ಸಾಲ ಒಂದಿದೆಯಪ್ಪ. ಅದನ್ನ ನಾನು ಒಪ್ಪಿಕೊಂಡು ಬಂದಿದೀನಿ.”

ಮಗ ಪತ್ರವನ್ನು ನೋಡಿದನು, ಮರವನ್ನು ನೋಡಿದನು, ಮತ್ತೆ ಆ ಮಾತೆತ್ತಲಿಲ್ಲ.

ತಿಂಗಳಿಗೊಮ್ಮೆ ಬರುವ ಕಾರು ಈಗ ಬೀದಿಯಲ್ಲಿಯೇ ನಿಲ್ಲುತ್ತದೆ. ಹೊಂಗೆಯ ಕೊಂಬೆ ಗೋಡೆಯನ್ನು ದಾಟಿ ಅದಕ್ಕೂ ನೆರಳು ಹಿಡಿಯುತ್ತದೆ. ಯುಗಾದಿಯ ಹೊತ್ತಿಗೆ ಕಾರಿನ ಮೇಲೆಲ್ಲ ಹೂವು. ಅಜ್ಜಿ ಅಂಗಳವನ್ನು ಗುಡಿಸುತ್ತಾರೆ. ಕಾರನ್ನು ಗುಡಿಸುವ ಕೆಲಸವನ್ನು ಮೊಮ್ಮಕ್ಕಳಿಗೆ ಬಿಟ್ಟಿದ್ದಾರೆ.